ಒರತೆಯ ಬಳಿ ಅರ್ಧ ಗಂಟೆ

ಫಿಲ್ಟರು ಅವಳ ಅಂಗೈಯಲ್ಲಿತ್ತು. ಸಣ್ಣ ಹುಡುಗಿಯ ಮಣಿಕಟ್ಟಿನಷ್ಟು ದಪ್ಪದ ಕೊಳವೆ, ಒಳಗೆ ಶಾವಿಗೆಯ ಹಾಗೆ ಮಡಚಿ ತುಂಬಿದ ಬಿಳಿಯ ಟೊಳ್ಳು ಎಳೆಗಳು. ತೊರೆಯ ನೀರನ್ನು ಮೆತ್ತನೆಯ ಚೀಲದಲ್ಲಿ ಹಿಡಿದು, ಇದನ್ನು ಅದರ ಬಾಯಿಗೆ ತಿರುಗಿಸಿ ಹಿಂಡಿದರೆ ಆಯಿತು. ಎರಡು ನಿಮಿಷದಲ್ಲಿ ಕುಡಿಯುವ ನೀರು. ತೂಕ ಮೂರು ಔನ್ಸ್. ಆರ್ಡಿತ್ ಅದನ್ನು ಮಾರಾಟದ ಶೆಲ್ಫಿನ ಮೇಲಿಟ್ಟಳು, ಮತ್ತೆ ತೆಗೆದುಕೊಂಡಳು. ಆರಿಸಲು ಅಲ್ಲ, ತಪ್ಪು ಹುಡುಕಲು ತಾನು ಅಲ್ಲಿ ನಿಂತಿರುವುದು ಎಂದು ಅವಳಿಗೇ ಗೊತ್ತಿತ್ತು. ಒಹಾಯೊದ ಒಂದು ಊರಿನ ನೀರು ಶುದ್ಧಿ ಮಾಡುವ ಘಟಕದಲ್ಲಿ ನಿವೃತ್ತಿಯವರೆಗೂ ರಸಾಯನಶಾಸ್ತ್ರಜ್ಞೆಯಾಗಿದ್ದವಳಿಗೆ ತಪ್ಪು ಹುಡುಕುವುದು ಕಷ್ಟವಾಗಬಾರದು. ಒಮ್ಮೆ ಹೆಪ್ಪುಗಟ್ಟಿದರೆ ಎಳೆಗಳು ಸೀಳುತ್ತವೆ, ಸೀಳಿದ್ದು ಹೊರಗಿನಿಂದ ಕಾಣುವುದಿಲ್ಲ. ವೈರಸ್ಸನ್ನು ತಡೆಯುವುದಿಲ್ಲ. ಮಣ್ಣು ಕಟ್ಟಿಕೊಳ್ಳುತ್ತದೆ. ಎಲ್ಲ ನಿಜ. ಮೇ ತಿಂಗಳ ಕೊನೆಯಲ್ಲಿ, ವರ್ಜೀನಿಯಾದ ಈ ಬೆಟ್ಟಗಳಲ್ಲಿ, ಇವುಗಳಲ್ಲಿ ಒಂದೂ ಮುಖ್ಯವಲ್ಲ ಎಂಬುದೂ ಅಷ್ಟೇ ನಿಜ.

ಅವಳು ಇನ್ಯಾರದೋ ಬಟ್ಟೆಯಲ್ಲಿದ್ದಳು. ಓಪಲ್ ಎಂಬ ಮುದುಕಿ ತನ್ನ ಹಳೆಯ ಕೊಟ್ಟಿಗೆಯನ್ನು, ಜಾರ್ಜಿಯಾದಿಂದ ಮೇನ್‌ವರೆಗಿನ ಬೆಟ್ಟದ ಹಾದಿಯನ್ನು ತಿಂಗಳುಗಟ್ಟಲೆ ನಡೆಯುವವರ ತಂಗುಮನೆ ಮಾಡಿಕೊಂಡಿದ್ದಳು. ಬಂದವರು ಮೈಮೇಲಿನದೆಲ್ಲ ಒಗೆಯಲು ಕೊಟ್ಟು, ಹಿಂದಿನವರು ಬಿಟ್ಟುಹೋದ ಬಟ್ಟೆಯ ರಾಶಿಯಿಂದ ಸಿಕ್ಕಿದ್ದನ್ನು ಹಾಕಿಕೊಳ್ಳಬೇಕು. ಆರ್ಡಿತ್‌ಗೆ ಸಿಕ್ಕಿದ್ದು ಸೂರ್ಯಕಾಂತಿ ಹೂಗಳ ಹಳದಿ ಫ್ರಾಕು. ಕಂಕುಳಲ್ಲಿ ಬಿಗಿ. ಐವತ್ತೇಳರ ಹೆಂಗಸು ಹೂವಿನ ಫ್ರಾಕಿನಲ್ಲಿ ನಿಂತು ನೀರಿನ ಬಗ್ಗೆ ಯೋಚಿಸುತ್ತಿದ್ದಾಳೆ ಎಂದು ತನ್ನನ್ನು ತಾನೇ ದೂರದಿಂದ ಕಂಡು ನಾಚಿಕೆಯಾಯಿತು. ಮಾರ್ಚಿನಿಂದ ಜೊತೆಗೆ ನಡೆಯುತ್ತಿದ್ದ ಎವರೆಟ್‌ಗೆ ಬೆಳಿಗ್ಗೆ ಒಂದು ನೀಲಿ ಶರ್ಟು ಸಿಕ್ಕಿತ್ತು, ಜೇಬಿನ ಮೇಲೆ ‘ರಿಕ್’ ಎಂದು ಕಸೂತಿ. ಅವನಿಗೆ ಅದು ಎಷ್ಟು ಚೆನ್ನಾಗಿ ಒಪ್ಪಿತ್ತೆಂದರೆ, ರಿಕ್ ಎಂಬವನೊಬ್ಬನ ಜೊತೆ ಇಷ್ಟು ದಿನ ನಡೆದು ಅವನ ನಿಜವಾದ ಹೆಸರು ಈಗ ಗೊತ್ತಾದಂತೆ ಅವಳಿಗೆ ಗಾಬರಿಯಾಗಿತ್ತು.

“ಇನ್ನೂ ಅಲ್ಲೇ ಇದೀಯಾ?” ಎವರೆಟ್ ಬಾಗಿಲಲ್ಲಿ ಇಣುಕಿದ.

“ನೋಡ್ತಾ ಇದೀನಿ.”

“ನೋಡೋಕೇನಿದೆ ಅದರಲ್ಲಿ. ನಾನಂತೂ ಒಂದು ತಗೊಂಡೆ. ನೀನೂ ತಗೊಂಡ್ರೆ ನೀರು ಸಿಕ್ಕಿದ ಕಡೆ ತುಂಬಿಸ್ಕೊಂಡು, ನಿಲ್ದೇ ಹೋಗ್ತಾ ಇರ್ಬಹುದು. ಅಕ್ಟೋಬರ್‌ಗೆ ಮೇನ್ ಮುಟ್ಟಬೇಕಲ್ಲ.”

ನಿಲ್ಲದೇ. ಅವನು ಅದನ್ನು ಒಳ್ಳೆಯ ಸುದ್ದಿಯ ಹಾಗೆ ಹೇಳಿ ಹೋದ. ಹಾದಿಯ ಕೊನೆಯ ಬೆಟ್ಟ ಮೇನ್‌ನಲ್ಲಿದೆ, ಅಕ್ಟೋಬರ್ ನಡುವಿಗೆ ಹಿಮ ಬಿದ್ದರೆ ಅದನ್ನು ಹತ್ತಲು ಬಿಡುವುದಿಲ್ಲ, ಅವರಿಬ್ಬರೂ ಹಿಂದೆ ಬಿದ್ದಿದ್ದಾರೆ. ಇದರಲ್ಲಿ ವಾದಕ್ಕೆ ಜಾಗವಿಲ್ಲ. ಅವಳ ಬಳಿ ಇದ್ದದ್ದು ನೀರಿನ ಕ್ರಿಮಿ ಕೊಲ್ಲುವ, ಎರಡು ಪುಟ್ಟ ಶೀಷೆಗಳ ಹನಿಮದ್ದು. ಎರಡರಿಂದಲೂ ಸಮನಾಗಿ ಹನಿಗಳನ್ನು ಒಂದು ಮುಚ್ಚಳದಲ್ಲಿ ಬೆರೆಸಬೇಕು, ಅದು ನಿಂಬೆಹಣ್ಣಿನ ಬಣ್ಣಕ್ಕೆ ತಿರುಗುವವರೆಗೆ ಐದು ನಿಮಿಷ ಬಿಡಬೇಕು, ಆಮೇಲೆ ನೀರಿಗೆ ಸುರಿದು ಕಾಯಬೇಕು. ಅರ್ಧ ಗಂಟೆ, ಎಂದು ಅವಳು ಅವನಿಗೆ ಹೇಳಿದ್ದಳು. ಮಾರ್ಚ್ ತಿಂಗಳಲ್ಲಿ, ಇನ್ನೂ ದಕ್ಷಿಣದ ಎತ್ತರದ ಬೆಟ್ಟಗಳಲ್ಲಿದ್ದಾಗ ಹೇಳಿದ್ದು. ಆ ಬೆಳಿಗ್ಗೆ ಮೂರು ಗೋಡೆಯ ಮರದ ಸೂರಿನಡಿಯಲ್ಲಿ ಎಲ್ಲರೂ ಕಟ್ಟಿಗೆಯಂತಾದ ಬೂಟುಗಳಿಗೆ ಕಾಲು ತುರುಕುತ್ತಿದ್ದಾಗ, ಉದ್ದನೆಯ ಮನುಷ್ಯನೊಬ್ಬ ಹೆಪ್ಪುಗಟ್ಟಿದ ಫಿಲ್ಟರನ್ನು ಶರ್ಟಿನೊಳಗೆ ಇಟ್ಟುಕೊಂಡು, ಕೋಳಿ ಕಾವಿಗೆ ಕೂತ ಹಾಗೆ ಕೂತಿದ್ದ. ರಾತ್ರಿ ಅದನ್ನು ಮಲಗುಚೀಲದೊಳಗೆ ಇಟ್ಟುಕೊಳ್ಳಲು ಮರೆತಿದ್ದ. ಅವನೇ ಎವರೆಟ್.

“ಬಿಸಾಕು,” ಎಂದಿದ್ದಳು ಆರ್ಡಿತ್.

“ಕರಗಿದ್ರೆ ಸರಿಹೋಗುತ್ತೆ.”

“ಸರಿಹೋದ ಹಾಗೆ ಕಾಣುತ್ತೆ. ಅದೇ ಅದರ ತೊಂದರೆ.”

“ನಿಂಗೆ ಹೇಗೆ ಗೊತ್ತು?”

“ನನ್ನ ಕೆಲಸವೇ ಅದಾಗಿತ್ತು. ನೀರು.”

ಅವನು ಅವಳ ಮುಖ ನೋಡಿ, ಎದ್ದುಹೋಗಿ, ಅದನ್ನು ಕಸದ ಚೀಲಕ್ಕೆ ಹಾಕಿದ್ದ. ಅಷ್ಟೇ. ಘಟಕದಲ್ಲಿ ಅಷ್ಟು ವರ್ಷ ಅವಳ ಮಾತಿನ ಮೇಲೆ ಇಡೀ ಊರು ನೀರು ಕುಡಿದಿತ್ತು, ಆದರೆ ಯಾರೂ ಅವಳ ಮುಖ ನೋಡಿ ನಂಬಿದ್ದಿಲ್ಲ. ಬೀಳ್ಕೊಡುಗೆಯ ದಿನ ಕೇಕಿನ ಮೇಲೆ ಅವಳ ಹೆಸರನ್ನು ಜೂಡಿತ್ ಎಂದು ಬರೆಸಿದ್ದರು. ಅವಳು ಅದನ್ನು ಕತ್ತರಿಸಿ, ಜೂಡಿತ್‌ಳನ್ನೇ ಎಲ್ಲರಿಗೂ ಹಂಚಿ, ತಟ್ಟೆ ತೊಳೆದಿಟ್ಟು ಮನೆಗೆ ಹೋಗಿದ್ದಳು. ಆ ಸೂರಿನಿಂದ ಇಳಿದು ಮೊದಲ ಒರತೆಗೆ ಬಂದಾಗ ಎವರೆಟ್ ತನ್ನ ಬಾಟಲಿಯನ್ನು ಅವಳ ಬಾಟಲಿಯ ಪಕ್ಕ ಇಟ್ಟ. ಎಷ್ಟು ಹೊತ್ತು, ಎಂದು ಕೇಳಿದ. ನೀರಿನ ಅಂಚಿನಲ್ಲಿ ಮಂಜುಗಡ್ಡೆ ಗಾಜಿನ ಹಲ್ಲುಗಳಂತೆ ನಿಂತಿತ್ತು. ಅರ್ಧ ಗಂಟೆ, ಎಂದಳು. ತಣ್ಣಗಿನ ನೀರಿನಲ್ಲಿ ಮದ್ದು ನಿಧಾನ, ಅಷ್ಟು ಬೇಕೇ ಬೇಕು. ಆ ದಿನ ಅದು ಅಪ್ಪಟ ಸತ್ಯವಾಗಿತ್ತು.

ನಡೆಯುವಾಗ ಮಾತಿರಲಿಲ್ಲ. ಕಾಲುದಾರಿ ಒಬ್ಬರ ಹಿಂದೆ ಒಬ್ಬರು ಹೋಗುವಷ್ಟೇ ಅಗಲ, ಅವನ ಹೆಜ್ಜೆ ಅವಳದಕ್ಕಿಂತ ಉದ್ದ. ಅವಳಿಗೆ ಗೊತ್ತಿದ್ದ ಎವರೆಟ್ ಎಂದರೆ ಹೆಚ್ಚಾಗಿ ಮರಗಳ ನಡುವೆ ಮೂಡಿ ಮುಳುಗುವ ಒಂದು ಕಂದು ಚೀಲ. ಸಂಜೆ ಬಿಸಿನೀರಿಗೆ ಆಲೂಗೆಡ್ಡೆ ಪುಡಿ ಕಲಸಿ ತಿಂದು, ಬೆಳಕಿರುವಾಗಲೇ ಮಲಗಿಬಿಡುತ್ತಿದ್ದ. ಒರತೆಗಳ ಬಳಿ ಮಾತ್ರ ಬಾಟಲಿಗಳು ಕಲ್ಲಿನ ಮೇಲೆ ಜೊತೆಯಾಗಿ ಕೂರುತ್ತಿದ್ದವು, ಅವರೂ ಕೂರುತ್ತಿದ್ದರು. ಬೂಟು ಬಿಚ್ಚುವುದು, ಬೆರಳ ಸಂದಿ ನೋಡಿಕೊಳ್ಳುವುದು, ಚೀಸು ಹೆರೆಯುವುದು. ಆಮೇಲೆ ಇನ್ನು ಮಾಡಲಿಕ್ಕೇನೂ ಉಳಿಯದ ಒಂದು ಹೊತ್ತು. ಆ ಹೊತ್ತಿನಲ್ಲೇ ಅವನು ತಾನು ರೈಲ್ವೆ ಸಿಗ್ನಲ್ ಕೋಣೆಯಲ್ಲಿ ಕಳೆದ ವರ್ಷಗಳ ಬಗ್ಗೆ ಹೇಳಿದ್ದು, ಆಮೇಲೆ ಒಂದು ದಿನ ಹೆರಾಲ್ಡ್‌ನ ಬಗ್ಗೆ. ಹೆರಾಲ್ಡ್ ಅವನ ಅಣ್ಣ, ಮೇನ್‌ನಲ್ಲಿ, ಆ ಕೊನೆಯ ಬೆಟ್ಟದಿಂದ ಇಳಿದರೆ ಸಿಗುವ ಊರಿನಲ್ಲಿದ್ದಾನೆ. ಅಪ್ಪನ ಮಣ್ಣಿನ ದಿನ ಏನೋ ಮಾತು ಬಂದು, ಅಲ್ಲಿಂದೀಚೆಗೆ ಇಬ್ಬರೂ ಒಬ್ಬರ ದನಿ ಒಬ್ಬರು ಕೇಳಿಲ್ಲ. ಕಾರಿನಲ್ಲಿ ಹೋದರೆ ಹೆರಾಲ್ಡ್ ಬಾಗಿಲು ತೆಗೆಯುವುದಿಲ್ಲವಂತೆ. ಜಾರ್ಜಿಯಾದಿಂದ ನಡೆದು ಬಂದವನಿಗೆ ತೆಗೆಯಬಹುದು.

“ಬಾಗಿಲು ತೆಗೆದ ಮೇಲೆ ಏನಂತೀಯಾ?” ಎಂದು ಕೇಳಿದ್ದಳು.

“ಅದೇ ಗೊತ್ತಾಗ್ತಿಲ್ಲ. ನೀನೀಗ ಹೆರಾಲ್ಡ್ ಅಂತಿಟ್ಕೋ.”

“ಆಯ್ತು. ಏನೋ, ಯಾಕ್ ಬಂದೆ?”

“ಅವನು ಅಷ್ಟು ಮೆತ್ತಗೆ ಮಾತಾಡಲ್ಲ.”

“ಏನಲೇ, ಯಾಕ್ ಬಂದೆ ಇಲ್ಲಿ?”

“ಹಾಂ. ಈಗ ಹೆರಾಲ್ಡ್.” ಅವನು ನಕ್ಕು, ಆಮೇಲೆ ನಗು ನಿಲ್ಲಿಸಿ, ಬಾಟಲಿಗಳ ಕಡೆ ನೋಡುತ್ತ, “ಹಾದು ಹೋಗ್ತಿದ್ದೆ, ನಿನ್ನ ನೆನಪಾಯ್ತು,” ಎಂದಿದ್ದ.

ಪ್ರತಿ ಒರತೆಗೆ ಒಂದು ಹೊಸ ಮೊದಲ ವಾಕ್ಯ. ಯಾವುದೂ ಸರಿಯಾಗುತ್ತಿರಲಿಲ್ಲ. ಹೆರಾಲ್ಡ್ ಆಗಿ ಕೂತು ಅವನ ಮುಖದಲ್ಲಿ ಆ ಹಂಬಲ ನೋಡುವಾಗ, ಅದು ತನ್ನ ಕಡೆ ತಿರುಗಿರುವಾಗಲೂ ತನ್ನದಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಮುಂದಿನ ಒರತೆಗೆ ಇನ್ನೆಷ್ಟು ದೂರ ಎಂದು ಏರಿನಲ್ಲಿ ಏದುಸಿರು ಬಿಡುತ್ತ ಲೆಕ್ಕ ಹಾಕುತ್ತಿದ್ದಳು, ಬಾಯಾರಿಕೆ ಇಲ್ಲದಿದ್ದಾಗಲೂ. ಹಾಗೆ ನಡೆಯುತ್ತ ನಡೆಯುತ್ತ ಏಪ್ರಿಲ್ ಕಳೆಯಿತು, ನೆಲದಲ್ಲಿ ಮೂರೆಸಳಿನ ಬಿಳಿ ಹೂಗಳು ಬಂದು ಹೋದವು, ಒಂದು ಮಧ್ಯಾಹ್ನ ಒರತೆಗೆ ಕೈ ಅದ್ದಿದಾಗ ಬೆರಳು ಮರಗಟ್ಟಲಿಲ್ಲ. ಅವಳು ಕೈಯನ್ನು ಅಲ್ಲೇ ಬಿಟ್ಟುಕೊಂಡು ಕೂತಳು. ಇಂಥ ನೀರಿಗೆ ಹದಿನೈದು ನಿಮಿಷ ಸಾಕು. ಹಿಂದಿನಿಂದ ಎವರೆಟ್, “ಅರ್ಧ ಗಂಟೆ ತಾನೆ?” ಎಂದ. “ಹೂಂ,” ಎಂದಳು. ಆದರೆ ಆ ದಿನವೇ ಸುಳ್ಳು ಹುಟ್ಟಿತೆಂದು ಹೇಳಲಾಗದು. ನೀರು ಅದಕ್ಕೂ ಮೊದಲೇ, ದಿನದಿನಕ್ಕೆ ಕೂದಲೆಳೆಯಷ್ಟು ಬೆಚ್ಚಗಾಗುತ್ತ ಬಂದಿರಬೇಕು. ಯಾವ ಡಿಗ್ರಿಯಲ್ಲಿ ಸತ್ಯ ಸುಳ್ಳಾಯಿತು ಎಂದು ಅಳೆಯಲು ಅವಳ ಬಳಿ ಥರ್ಮಾಮೀಟರ್ ಇರಲಿಲ್ಲ. ತೂಕ ಕಡಿಮೆ ಮಾಡಲು ಅದನ್ನು ಮನೆಯಲ್ಲೇ ಬಿಟ್ಟು ಬಂದಿದ್ದಳು.

ಸಂಜೆ ಊಟದ ಮೊದಲು ಉದ್ದನೆಯ ಮೇಜಿನ ಸುತ್ತ ಚೀಲ ಜಾಲಾಡುವ ಆಟ ಶುರುವಾಯಿತು. ಹಾದಿಯವರಿಗೆ ಇದು ಊಟದಷ್ಟೇ ರೂಢಿ: ಒಬ್ಬರು ಬೆನ್ನಚೀಲವನ್ನು ಮೇಜಿನ ಮೇಲೆ ಸುರಿಯಬೇಕು, ಉಳಿದವರು ಒಂದೊಂದನ್ನೇ ಎತ್ತಿ ಅಡುಗೆಮನೆಯ ತಕ್ಕಡಿಯಲ್ಲಿಟ್ಟು, ಇದೇಕೆ, ಅದೇಕೆ ಎಂದು ಮಾನ ಕಳೆಯಬೇಕು. ಬೇಡವೆಂದು ತೀರ್ಮಾನವಾದದ್ದು ಬಾಗಿಲ ಬಳಿಯ ಪೆಟ್ಟಿಗೆಗೆ ಬೀಳುತ್ತದೆ, ಬೇಕಾದವರು ಎತ್ತಿಕೊಳ್ಳಲಿ ಎಂದು. ಇವತ್ತು ಚೀಲ ಆರ್ಡಿತ್‌ಳದು, ನ್ಯಾಯಾಧೀಶೆ ಬೀಟ್‌ರೂಟ್. ಹಾದಿಯಲ್ಲಿ ಎಲ್ಲರಿಗೂ ಬೇರೆಯವರು ಇಟ್ಟ ಹೆಸರೇ. ಮೊದಲ ವಾರದ ಬಿಸಿಲಿಗೆ ಮುಖ ಬೆಂದ ಈ ನರ್ಸ್ ಹುಡುಗಿಗೆ ಅದು, ಎವರೆಟ್‌ಗೆ ಸಿಗ್ನಲ್, ಆರ್ಡಿತ್‌ಗೆ ಪ್ರೊಫೆಸರ್. ಅವಳು ಒಂದು ದಿನವೂ ಪಾಠ ಹೇಳಿದವಳಲ್ಲ, ಆದರೆ ಆ ಹೆಸರನ್ನು ತಿದ್ದಲು ಹೋದರೆ ಅದೇ ಪಾಠದಂತಾಗುತ್ತಿತ್ತು.

“ಎರಡು ಚಮಚ,” ಬೀಟ್‌ರೂಟ್ ಎತ್ತಿ ಹಿಡಿದಳು. “ಒಂದು ನಿಂಗೆ, ಇನ್ನೊಂದು ಕರಡಿಗಾ?”

“ಕರಡಿ ಊಟಕ್ಕೆ ಬಂದ್ರೆ ಕೈಯಲ್ಲಿ ತಿನ್ನು ಅನ್ನೋಕಾಗುತ್ತಾ,” ಎಂದಳು ಆರ್ಡಿತ್. ಜನ ನಕ್ಕರು. ಎವರೆಟ್‌ನ ಚಮಚ ಏಪ್ರಿಲ್‌ನಲ್ಲಿ ಮುರಿದಾಗ ಅವನಿಗೆಂದು ಕೊಂಡದ್ದು ಆ ಎರಡನೆಯದು, ಅವನು ಹೊಸದು ಕೊಂಡ ಮೇಲೂ ಅದು ಅವಳ ಚೀಲದಲ್ಲೇ ಉಳಿದಿತ್ತು. ಅದು ಠಣ್ಣೆಂದು ಪೆಟ್ಟಿಗೆಗೆ ಬಿತ್ತು. ಆಮೇಲೆ ಬೀಟ್‌ರೂಟ್ ಎರಡು ಶೀಷೆಗಳನ್ನು ಎತ್ತಿದಳು.

“ಅಯ್ಯೋ, ನಂದೂ ಇದೇ. ಒಳ್ಳೇದೇ, ಹಗುರ. ಆದ್ರೆ ಆ ಹದಿನೈದು ನಿಮಿಷ ಇದೆಯಲ್ಲ, ಸೊಳ್ಳೆಗೆ ರಕ್ತ ಕೊಡ್ತಾ ಕೂತಿರ್ಬೇಕು.”

“ಅರ್ಧ ಗಂಟೆ,” ಎಂದ ಎವರೆಟ್, ಮೇಜಿನ ಆ ತುದಿಯಿಂದ.

“ಹಿಮದ ನೀರಿಗೆ ಅರ್ಧ ಗಂಟೆ, ಸಿಗ್ನಲ್ ತಾತ. ಈ ಸೆಕೇಲಿ ಹದಿನೈದು. ಅಲ್ವಾ ಪ್ರೊಫೆಸರ್?”

ಏಳೆಂಟು ಮುಖಗಳು ಸೂರ್ಯಕಾಂತಿ ಫ್ರಾಕಿನ ಕಡೆ ತಿರುಗಿದವು. ಅವನ ಮುಖದಲ್ಲಿ ಅನುಮಾನ ಇರಲಿಲ್ಲ. ಹುಡುಗಿಗೆ ತಿಳಿಸಿ ಹೇಳು ಎನ್ನುವಂತೆ ಅವನು ಅವಳ ಪರವಾಗಿ ಸ್ವಲ್ಪ ಹೆಮ್ಮೆಯಿಂದಲೇ ಕಾಯುತ್ತಿದ್ದ. ಹೇಳಬಹುದಿತ್ತು. ನೀರು ಕದಡಿದ್ದರೆ ಹೆಚ್ಚು ಹೊತ್ತು ಬೇಕು, ಕೆಲವು ಸೂಕ್ಷ್ಮಜೀವಿಗಳ ಕವಚ ಗಟ್ಟಿ, ಎಷ್ಟು ಹೊತ್ತಾದರೂ ಹೆಚ್ಚಲ್ಲ. ಒಂದೊಂದೂ ಯಾವ ಪರೀಕ್ಷೆಯಲ್ಲೂ ನಿಲ್ಲುವಂಥ ಮಾತು. “ಹದಿನೈದು ಸಾಕು,” ಎಂದಳು. ಅಷ್ಟಕ್ಕೆ ನಿಲ್ಲಿಸಬೇಕಿತ್ತು. ಆದರೆ ಅರ್ಧ ಉತ್ತರ ಕೊಟ್ಟು ಅಭ್ಯಾಸವಿಲ್ಲದ ನಾಲಿಗೆ ಯಾರೂ ಕೇಳದ ಉಳಿದರ್ಧವನ್ನೂ ಹೇಳಿತು: “ಏಪ್ರಿಲ್ ಕೊನೆಯಿಂದಲೇ ಸಾಕಿತ್ತು.”

“ಓಹೋ,” ಬೀಟ್‌ರೂಟ್ ಶೀಷೆಗಳನ್ನು ಕುಲುಕಿದಳು. “ಸಿಗ್ನಲ್‌ನನ್ನೇ ಕೆಂಪು ದೀಪ ತೋರ್ಸಿ ನಿಲ್ಸಿದ್ದೀಯಲ್ಲ, ಭೇಷ್.”

ಮೇಜಿಗೆ ಮೇಜೇ ನಕ್ಕಿತು. ಎವರೆಟ್ ಕೂಡ ನಕ್ಕ, ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ. ಒಲೆಯ ಬಳಿಯಿಂದ ಓಪಲ್, “ಊಟಕ್ಕೆ ಜಾಗ ಮಾಡ್ರೋ, ನಿಮ್ಮ ಕಾಲ್ಚೀಲದ ಮೇಲೆ ಬಡಿಸ್ಲಾ,” ಎಂದು ಕೂಗಿದಳು. ಆರ್ಡಿತ್ ತನ್ನ ಸಾಮಾನನ್ನು ಮತ್ತೆ ಚೀಲಕ್ಕೆ ತುಂಬತೊಡಗಿದಳು. ದಿನಕ್ಕೆ ನಾಲ್ಕು ಸಲ, ಸಲಕ್ಕೆ ಕಾಲು ಗಂಟೆ, ಹೀಗೆ ಒಂದು ತಿಂಗಳು. ಗುಣಿಸಬಾರದೆಂದುಕೊಂಡರೂ ತಲೆ ಗುಣಿಸಿ ಮುಗಿಸಿತ್ತು: ನಾಲ್ಕು ದಿನದ ನಡಿಗೆ. ಅಣ್ಣನ ಬಾಗಿಲಿಗೆ ಹೋಗುತ್ತಿದ್ದ ಮನುಷ್ಯನಿಂದ ಅವಳು ಬೇಸಿಗೆಯ ನಾಲ್ಕು ದಿನ ಎತ್ತಿಕೊಂಡಿದ್ದಳು, ಚೂರು ಚೂರಾಗಿ, ಸಕ್ಕರೆ ಡಬ್ಬಿಗೆ ಬೆರಳು ಹಾಕುವವರ ಹಾಗೆ.

ಊಟವಾದ ಮೇಲೆ ಅವನು ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದ, ಹೊಸ ಫಿಲ್ಟರಿನ ಬಾಯಿಗೆ ಚೀಲ ಸರಿಯಾಗಿ ಕೂರುತ್ತದೆಯೇ ಎಂದು ತಿರುಗಿಸಿ ನೋಡುತ್ತ. ಗದ್ದಲವಿಲ್ಲದ ಸಂಜೆ, ಬೇಲಿಯಾಚೆ ಓಪಲ್‌ಳ ಎರಡು ಹೇಸರಗತ್ತೆಗಳು ಬಾಲ ಬೀಸುತ್ತ ನಿಂತಿದ್ದವು. ಅವಳು ಎರಡು ಮೆಟ್ಟಿಲು ಬಿಟ್ಟು ಕೂತಳು.

“ಕೋಪ ಬಂತಾ?”

“ಕೋಪ ಅಲ್ಲ.” ಅವನು ಚೀಲವನ್ನು ಮತ್ತೆ ಬಿಚ್ಚಿದ. “ಮೊದಲ ಕಾಲು ಗಂಟೆ ನಂಗೆ ಬೂಟಿಗೆ, ಚೀಸಿಗೇ ಹೋಗ್ತಿತ್ತು. ಹೆರಾಲ್ಡ್ ವಿಷಯ ಬರ್ತಾ ಇದ್ದಿದ್ದೆಲ್ಲ ಆಮೇಲೆ. ನೀರು ಇನ್ನೂ ಆಗಿಲ್ಲ, ಮಾಡೋಕೆ ಬೇರೆ ಏನಿಲ್ಲ ಅಂತ ಬಾಯಿಗೆ ಬಂದಿದ್ದು ಅದು. ನೀರು ಆಗ್ಲೇ ಆಗಿತ್ತು ಅಂದ್ರೆ...” ಫಿಲ್ಟರನ್ನು ಮೆಟ್ಟಿಲ ಮೇಲಿಟ್ಟ. “ಯಾಕೆ ಆರ್ಡಿತ್?”

ಹಾದಿಯ ಹೆಸರಲ್ಲ, ಅವಳದೇ ಹೆಸರು. ಉತ್ತರ ಗಂಟಲಲ್ಲೇ ಇತ್ತು, ಏನೂ ಹುಡುಕಬೇಕಿರಲಿಲ್ಲ. ಆದರೆ ಎದುರಿಗೆ ಅವನ ಎದೆಯ ಮೇಲೆ ರಿಕ್ ಎಂಬ ಹೆಸರು, ತನ್ನ ಮೊಣಕಾಲ ಮೇಲೆ ಹಿಗ್ಗಿದ ಹಳದಿ ಹೂಗಳು. ಈ ವೇಷದಲ್ಲಿ ಹೇಳಿದರೆ ಅದು ಮೇಜಿನ ಮೇಲೆ ಎತ್ತಿ ತೂಗಿದ ಇನ್ನೊಂದು ಚಮಚದಂತಾಗುತ್ತದೆ ಎನಿಸಿತು. “ಸುರಕ್ಷಿತವಾಗಿರ್ಲಿ ಅಂತ,” ಎಂದಳು.

ಅವನು ತಲೆಯಾಡಿಸಿದ, ನಿಧಾನವಾಗಿ, ಎರಡು ಸಲ. “ಹೂಂ. ನೀರಿನ ವಿಷಯ ನಿಂಗೇ ಗೊತ್ತು.” ಎದ್ದು ನಿಂತ. “ನಾನು ಬೆಳಗಾಗ್ತಿದ್ದ ಹಾಗೆ ಹೊರಡ್ತೀನಿ. ಹಾದಿಯಲ್ಲಿ ಸಿಗೋಣ.”

ಹಾದಿಯಲ್ಲಿ ಸಿಗೋಣ ಎಂಬುದು ಇಲ್ಲಿ ಎಲ್ಲರೂ ಎಲ್ಲರಿಗೂ ಹೇಳುವ ಮಾತು. ಮುಂದೆಂದೂ ಸಿಗದವರಿಗೂ. ಏಪ್ರಿಲ್ ಕೊನೆಯಿಂದ ಆಡಿದ ಅಷ್ಟೂ ಸುಳ್ಳಿಗಿಂತ ಈಗ ಆಡಿದ ಒಂದೇ ಸುಳ್ಳು ದೊಡ್ಡದು ಎಂದು ಅವಳಿಗೆ ಮೆಟ್ಟಿಲ ಮೇಲೆ ಕೂತೇ ಅರಿವಾಯಿತು. ಅವು ಅವನನ್ನು ಹತ್ತಿರ ಕೂರಿಸಿಕೊಳ್ಳಲು ಆಡಿದವು. ಇದು ಅವನು ಎದ್ದು ಹೋಗಲೆಂದು ಆಡಿದ್ದು.

ಬೆಳಿಗ್ಗೆ ಅವನ ಮಂಚ ಖಾಲಿಯಿತ್ತು, ನೀಲಿ ಶರ್ಟು ಮಡಚಿ ದಿಂಬಿನ ಮೇಲಿತ್ತು. ಒಗೆದ ಬಟ್ಟೆ ಹಾಕಿಕೊಂಡು ಆರ್ಡಿತ್ ಮತ್ತೆ ಶೆಲ್ಫಿನ ಮುಂದೆ ನಿಂತಳು. ಒಂದು ಕೈಯಲ್ಲಿ ಫಿಲ್ಟರು, ಇನ್ನೊಂದರಲ್ಲಿ ಶೀಷೆಗಳು. ತೂಕದ ಲೆಕ್ಕದಲ್ಲಿ ಶೀಷೆಗಳೇ ಗೆದ್ದವು, ಅವು ಹೆಚ್ಚುಕಡಿಮೆ ಎರಡು ಔನ್ಸ್. ಹಿಂಡುವ ಕಷ್ಟವಿಲ್ಲ, ಕೆಡುವುದಿಲ್ಲ, ಕಟ್ಟಿಕೊಳ್ಳುವುದಿಲ್ಲ. ಇವನ್ನೇ ಇಟ್ಟುಕೊಂಡರೆ ಇಲ್ಲಿಂದ ಮೇನ್‌ವರೆಗೆ ಪ್ರತಿ ಒರತೆಯಲ್ಲೂ ಎರಡು ಬಾಟಲಿ ಇಡುವಷ್ಟು ಅಗಲದ ಕಲ್ಲನ್ನು ಹುಡುಕಿ, ಒಂದೇ ಬಾಟಲಿ ಇಟ್ಟು ಕೂರಬಹುದು. ಯಾರೂ ಪ್ರಶ್ನೆ ಕೇಳುವುದಿಲ್ಲ. ಕಾಯುತ್ತಿದ್ದೇನೆ ಎನ್ನಲು ಕೈಯಲ್ಲೇ ಕಾರಣವಿರುತ್ತದೆ. ಇಷ್ಟು ವರ್ಷ ಅವಳು ಬದುಕಿದ್ದು ಹಾಗೆಯೇ ಅಲ್ಲವೆ, ಪ್ರತಿಯೊಂದು ಬಯಕೆಗೂ ಪಕ್ಕದಲ್ಲಿ ಒಂದು ಒಳ್ಳೆಯ ಕಾರಣವನ್ನು ಕೂರಿಸಿ, ಜನ ಕೇಳಿದರೆ ಕಾರಣವನ್ನೇ ಮುಂದೆ ಕಳಿಸಿ. ಕಾರಣ ಇಲ್ಲದೆ ಯಾರನ್ನಾದರೂ ಒಮ್ಮೆಯಾದರೂ ಇರು ಎಂದು ಕೇಳಿದ್ದು ಅವಳಿಗೆ ನೆನಪಾಗಲಿಲ್ಲ.

“ತಗೋತೀಯಾ ಕಂದಾ,” ಕಾಫಿ ಲೋಟ ಒರೆಸುತ್ತ ಓಪಲ್ ಕೇಳಿದಳು, “ಇಲ್ಲಾ ಅದಕ್ಕೆ ನಾಮಕರಣ ಮಾಡ್ತೀಯಾ?”

“ತಗೋತೀನಿ.”

“ಹಳೇದು?”

“ಪೆಟ್ಟಿಗೆಗೆ ಹಾಕ್ತೀನಿ. ಬೀಟ್‌ರೂಟ್ ಎದ್ಮೇಲೆ ಹೇಳು, ಅವಳಿಗೆ ಆಗುತ್ತೆ.”

ಊರಿನಿಂದ ಹಾದಿ ಸೀದಾ ಏರು. ಅವಳು ವಯಸ್ಸಿಗೆ ಮೀರಿದ ವೇಗದಲ್ಲಿ ಹತ್ತಿದಳು, ಹತ್ತುವಾಗ ಮಾತು ಕಟ್ಟಿಕೊಂಡಳು, ಕಟ್ಟಿದ್ದನ್ನು ಕೆಡವಿದಳು. ಕಾಲು ಗಂಟೆಯ ಬಗ್ಗೆ ಕ್ಷಮಿಸು. ಅದು ಲೆಕ್ಕದ ಕ್ಷಮೆ. ನಿನ್ನ ಜೊತೆ ಕೂರುವುದು ಚೆನ್ನಾಗಿತ್ತು. ಅದು ಬೀಳ್ಕೊಡುಗೆ. ಮುಂದೆ ಇಡೀ ದಿಣ್ಣೆಯ ಮೇಲೆ ಸಂಜೆಯವರೆಗೆ ನೀರಿಲ್ಲವಾದ್ದರಿಂದ ಎಲ್ಲರೂ ಮೊದಲ ಒರತೆಯಲ್ಲೇ ಇದ್ದಷ್ಟೂ ಚೀಲ ತುಂಬಿಕೊಳ್ಳಬೇಕು. ಬಂಡೆಗೆ ಸಿಕ್ಕಿಸಿದ ಕೊಳವೆಯಿಂದ ನೀರು ಹೆಬ್ಬೆರಳು ಗಾತ್ರವೂ ಇಲ್ಲದೆ ಇಳಿಯುತ್ತಿತ್ತು, ಅದರ ಮುಂದೆ ಇಬ್ಬರು ಹುಡುಗರು, ಅವರ ಹಿಂದೆ ಎವರೆಟ್. ಅವಳನ್ನು ನೋಡಿ ಕೈಯೆತ್ತಿದ. ಹುಡುಗರು ಹೋದರು. ಅವನು ತುಂಬಿ, ಹಿಂಡಿ ಮುಗಿಸಿ, ಅವಳ ಹೊಸ ಚೀಲವನ್ನು ತಾನೇ ಕೊಳವೆಗೆ ಹಿಡಿದ. ಅವಳು ಹಿಂಡಿದಳು. ನೀರು ಎಳೆಗಳ ಮೂಲಕ ಬಾಟಲಿಗೆ ಸುಮ್ಮನೆ ಇಳಿದು ತುಂಬಿತು. ಇಷ್ಟೇ ಇದ್ದದ್ದು ಇದರಲ್ಲಿ.

“ನೋಡ್ದ್ಯಾ,” ಎಂದ ಎವರೆಟ್. “ಆಯ್ತು.” ಚೀಲ ಬೆನ್ನಿಗೇರಿಸಿ, ಸೊಂಟದ ಪಟ್ಟಿ ಬಿಗಿದು, ಉತ್ತರಕ್ಕೆ ಮುಖ ಮಾಡಿದ.

“ಎವರೆಟ್. ಸ್ವಲ್ಪ ಹೊತ್ತು ಕೂತ್ಕೋ.”

ಅವನು ತಿರುಗಿ ಅವಳ ಬಾಟಲಿ ನೋಡಿದ. “ನೀರಾಯ್ತಲ್ಲ?”

“ಆಯ್ತು. ನೀರಿಗಲ್ಲ.” ದನಿ ತನ್ನದಲ್ಲವೆಂಬಂತೆ ಒರಟಾಗಿ ಬಂತು. “ನಂಗೆ ನೀನು ಕೂತಿರೋದು ಬೇಕು. ಮೊದಲಿಂದ್ಲೂ ಬೇಕಾಗಿದ್ದು ಅದೇ. ನಿನ್ನೆ ಕೇಳ್ದಾಗ ಹೇಳ್ಬೇಕಿತ್ತು.”

ಏರಿನಿಂದ ಇನ್ಯಾರೋ ಬರುತ್ತಿರುವ ಊರುಗೋಲಿನ ಸದ್ದು ಕೇಳಿಸುತ್ತಿತ್ತು, ಇನ್ನೂ ದೂರದಲ್ಲಿ. ಅವನು ಹಾದಿಯನ್ನು ನೋಡಿದ, ಎಲೆಗಳ ಮೇಲೆ ಆಗಲೇ ಏರಿದ್ದ ಬಿಸಿಲನ್ನು ನೋಡಿದ. ಆಮೇಲೆ ಅವಳನ್ನು.

“ಎಷ್ಟು ಹೊತ್ತು?” ಎಂದು ಕೇಳಿದ.

ಅವಳು ಬಾಟಲಿಯ ಮುಚ್ಚಳ ಬಿಗಿದಳು.

“ಗೊತ್ತಿಲ್ಲ,” ಎಂದಳು.

ಅವನು ಹೆಗಲ ಪಟ್ಟಿಗಳಡಿ ಹೆಬ್ಬೆರಳು ತೂರಿಸಿ ನಿಂತ. ಸೊಂಟದ ಕೊಕ್ಕೆ ಬಿಚ್ಚಲಿಲ್ಲ, ಹೊರಡಲೂ ಇಲ್ಲ. ಅವಳು ಕಲ್ಲಿನ ಮೇಲೆ ಕೂತಳು, ಪಕ್ಕದಲ್ಲಿ ಜಾಗ ಬಿಟ್ಟು, ಮತ್ತೊಮ್ಮೆ ಕೇಳದೆ.